ಚ್ಯೂಬಾಕಾನ ಸಾವು ಮತ್ತು 19 ಸಂಪುಟಗಳ ಜಗಳ

ಸಿನಿಮಾವನ್ನೋ ಟೆಲಿವಿಷನ್ ಸರಣಿಯನ್ನೋ ಆಧರಿಸಿ, ಅದರ ಹಕ್ಕುದಾರರಿಂದ ಪರವಾನಗಿ ಪಡೆದು ಬರೆಯುವ ಕಾದಂಬರಿಗಳಿಗೆ ಪ್ರಕಾಶಕರು ಟೈ-ಇನ್ ಕಾದಂಬರಿಗಳೆನ್ನುತ್ತಾರೆ. ವಿಮರ್ಶಕರು ಇವುಗಳತ್ತ ತಿರುಗಿ ನೋಡುವುದು ಕಡಿಮೆ. ಪಾತ್ರಗಳು ಲೇಖಕನ ಸೃಷ್ಟಿಯಲ್ಲ, ಕಥಾಲೋಕ ಅವನದಲ್ಲ, ಬರೆದು ಮುಗಿಸಿದ ಮೇಲೆ ಪುಸ್ತಕದ ಹಕ್ಕೂ ಸಾಮಾನ್ಯವಾಗಿ ಅವನ ಬಳಿ ಉಳಿಯುವುದಿಲ್ಲ. ಹೀಗಿರುವಾಗ ಚರ್ಚಿಸುವುದಕ್ಕೆ ಏನಿದೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಆದರೆ ಓದುಗರ ಕಡೆಯಿಂದ ನೋಡಿದರೆ ಈ ಪುಸ್ತಕಗಳ ಸುತ್ತ ನಡೆದಷ್ಟು ಬಿರುಸಿನ ವಾಗ್ವಾದ ಪ್ರಶಸ್ತಿ ಪಡೆದ ಎಷ್ಟೋ ಕಾದಂಬರಿಗಳ ಸುತ್ತ ನಡೆದಿಲ್ಲ. ಇಂದು ನಾನು ಅಂಥ ಒಂದೇ ಸರಣಿಯನ್ನು ಎತ್ತಿಕೊಳ್ಳುತ್ತೇನೆ: ಸ್ಟಾರ್ ವಾರ್ಸ್ ಚಿತ್ರಗಳ ಲೋಕದ 'ದಿ ನ್ಯೂ ಜೆಡೈ ಆರ್ಡರ್'. 1999ರಿಂದ 2003ರವರೆಗೆ, 12 ಲೇಖಕರ ಕೈಯಲ್ಲಿ, 19 ಕಾದಂಬರಿಗಳಾಗಿ ಬಂದ ಸರಣಿ ಇದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸರಣಿಯನ್ನು ಹೊಗಳುವವರೂ ತೆಗಳುವವರೂ ಬೇರೆಬೇರೆ ಸಂಗತಿಗಳನ್ನು ಕಂಡವರಲ್ಲ. ಇಬ್ಬರೂ ಕಂಡದ್ದು ಒಂದನ್ನೇ, ಕಂಡದ್ದು ಸರಿಯಾಗಿಯೇ ಇದೆ. ಇಲ್ಲಿ ನಡೆದದ್ದಕ್ಕೆ ಪರಿಣಾಮವಿದೆ, ಸತ್ತವರು ಮರಳುವುದಿಲ್ಲ, ಕಥೆ ಮುಗಿದಾಗ ಲೋಕ ಮೊದಲಿನಂತೆ ಇರುವುದಿಲ್ಲ. ಇದನ್ನೇ ಒಬ್ಬರು ಗುಣವೆಂದರು, ಇನ್ನೊಬ್ಬರು ದ್ರೋಹವೆಂದರು. ಯಾಕೆ ಹಾಗಾಯಿತು ಎಂದು ತಿಳಿಯಬೇಕಾದರೆ ಟೈ-ಇನ್ ಬರಹದ ಒಂದು ಹಳೆಯ ಕಟ್ಟಳೆಯಿಂದ ಶುರು ಮಾಡಬೇಕು.

ಕಟ್ಟಳೆ ಸರಳವಾದದ್ದು: ಪಾತ್ರಗಳನ್ನು ಹೇಗೆ ಎರವಲು ತಂದೆಯೋ ಹಾಗೆಯೇ ಹಿಂತಿರುಗಿಸು. ಮುಂದಿನ ಸಿನಿಮಾ ಏನು ಹೇಳುತ್ತದೆಂಬುದು ಕಾದಂಬರಿಕಾರನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ನಾಯಕನಿಗೆ ಮದುವೆ ಮಾಡಿಸುವಂತಿಲ್ಲ, ಅವನ ಕಾಲು ಮುರಿದರೂ ಕೊನೆಯ ಅಧ್ಯಾಯದೊಳಗೆ ವಾಸಿಯಾಗಬೇಕು. ಇದನ್ನು ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ಸ್ಟಾರ್ ವಾರ್ಸ್‌ನ ಮೊಟ್ಟಮೊದಲ ಸ್ವತಂತ್ರ ಕಾದಂಬರಿಯೇ ಸಾಕ್ಷಿ. 1978ರಲ್ಲಿ ಆಲನ್ ಡೀನ್ ಫಾಸ್ಟರ್ ಬರೆದ 'ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ' ಅದು. ಮೊದಲ ಚಿತ್ರ ಸೋತರೆ ಕಡಿಮೆ ಖರ್ಚಿನಲ್ಲಿ ಎರಡನೆಯದನ್ನು ತೆಗೆಯಲು ಅನುಕೂಲವಾಗಲಿ ಎಂದು ಅದನ್ನು ಬರೆಸಲಾಗಿತ್ತು. ಹ್ಯಾರಿಸನ್ ಫೋರ್ಡ್ ಮುಂದಿನ ಚಿತ್ರಕ್ಕೆ ಇನ್ನೂ ಒಪ್ಪಂದ ಮಾಡಿಕೊಂಡಿರಲಿಲ್ಲವಾದ್ದರಿಂದ ಕಾದಂಬರಿಯಲ್ಲಿ ಅವರು ನಟಿಸಿದ್ದ ಹಾನ್ ಸೋಲೋ ಪಾತ್ರ ಇಲ್ಲ. ಮೊದಲ ಚಿತ್ರದ ನಾಯಕ ಲ್ಯೂಕ್ ಮತ್ತು ರಾಜಕುಮಾರಿ ಲೇಯಾ ಮಂಜು ಕವಿದ ಕೆಸರಿನ ಗ್ರಹವೊಂದರಲ್ಲಿ ಅಲೆದಾಡುತ್ತಾರೆ, ಅವರ ನಡುವೆ ಪ್ರಣಯದ ಸುಳಿವೂ ಇದೆ. 1983ರ ಚಿತ್ರ ಅವರಿಬ್ಬರೂ ಅಣ್ಣತಂಗಿಯರೆಂದು ಹೇಳಿದ ಮೇಲೆ ಆ ಪುಟಗಳನ್ನು ಓದುವವರ ಪಾಡು ಏನಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ. ಫಾಸ್ಟರ್ ಅವರದೇನೂ ತಪ್ಪಿಲ್ಲ. ಮೂಲದ ಒಡೆಯ ದಾರಿ ಬದಲಿಸಿದಾಗ ಟೈ-ಇನ್ ಲೇಖಕ ಯಾವಾಗಲೂ ಹೀಗೆಯೇ ನಡುನೀರಿನಲ್ಲಿ ಉಳಿಯುತ್ತಾನೆ.

ಕೆಲವೊಮ್ಮೆ ಗಾಳಿ ತಿರುಗಿ ಬೀಸುವುದೂ ಉಂಟು. ವಿಷಯದಿಂದ ಸ್ವಲ್ಪ ಸರಿದು ಅದನ್ನೂ ಹೇಳುತ್ತೇನೆ. ಸ್ಟಾರ್ ಟ್ರೆಕ್‌ನ ಸುಲು ಎಂಬ ಪಾತ್ರಕ್ಕೆ ಟೆಲಿವಿಷನ್ ಸರಣಿಯಲ್ಲಿ ಪೂರ್ತಿ ಹೆಸರೇ ಇರಲಿಲ್ಲ. 1981ರಲ್ಲಿ ವೊಂಡಾ ಮ್ಯಾಕಿಂಟೈರ್ ತಮ್ಮ 'ದಿ ಎಂಟ್ರೊಪಿ ಎಫೆಕ್ಟ್' ಕಾದಂಬರಿಯಲ್ಲಿ ಆತನನ್ನು ಹಿಕಾರು ಎಂದು ಕರೆದರು. ಹತ್ತು ವರ್ಷಗಳ ನಂತರ, 1991ರ ಚಿತ್ರದಲ್ಲಿ, ಆ ಹೆಸರು ತೆರೆಯ ಮೇಲೂ ಕೇಳಿಸಿತು. ಸ್ಟಾರ್ ಟ್ರೆಕ್‌ನ ಒಡೆಯರ ಲೆಕ್ಕದಲ್ಲಿ ಕಾದಂಬರಿಗಳು ಎಂದೂ ಅಧಿಕೃತ ಕಥೆಯ ಭಾಗವಾಗಿರಲಿಲ್ಲ ಎನ್ನುವುದನ್ನು ಇದರ ಜೊತೆಗೆ ನೆನಪಿಡಬೇಕು. ನಾಯಕನಾದ 'ಡಾಕ್ಟರ್' ಆಗಾಗ ಹೊಸ ರೂಪ ತಾಳುವ ಬ್ರಿಟಿಷ್ ಟೆಲಿವಿಷನ್ ಸರಣಿ ಡಾಕ್ಟರ್ ಹೂ ಲೋಕದ ರೀತಿ ಇನ್ನೂ ಬೇರೆ. ಯಾವುದು ಅಧಿಕೃತ, ಯಾವುದಲ್ಲ ಎಂದು ಅಲ್ಲಿ ಯಾರೂ ತೀರ್ಪು ಕೊಟ್ಟಿಲ್ಲ. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಕಾದಂಬರಿಯನ್ನು ಅವರಿಂದಲೇ ತಿದ್ದಿಸಿ 2007ರಲ್ಲಿ ಬೇರೊಬ್ಬ ಡಾಕ್ಟರ್‌ನ ಕಥೆಯಾಗಿ ಟೆಲಿವಿಷನ್‌ನಲ್ಲಿ ತೋರಿಸಿದರು. ಒಂದೇ ಕಥೆ ಇಬ್ಬರ ಬದುಕಿನಲ್ಲಿ ಹೇಗೆ ನಡೆಯಿತೆಂಬ ಪ್ರಶ್ನೆಯನ್ನು ಓದುಗರಿಗೇ ಬಿಟ್ಟರು.

ಸ್ಟಾರ್ ವಾರ್ಸ್‌ನ ಒಡೆಯರು ಮಾತ್ರ ಇವೆರಡಕ್ಕಿಂತ ಹೆಚ್ಚಿನ ಭರವಸೆಯನ್ನು ಕೊಟ್ಟಿದ್ದರು, ಜಗಳದ ಬೇರು ಅಲ್ಲಿಯೇ ಇದೆ. 1991ರಲ್ಲಿ ಬ್ಯಾಂಟಮ್ ಪ್ರಕಾಶನ ಟಿಮೊಥಿ ಝಾನ್ ಅವರ 'ಏರ್ ಟು ದಿ ಎಂಪೈರ್' ಕಾದಂಬರಿಯನ್ನು ಹೊರತಂದಿತು. ಝಾನ್ ಆಗಲೇ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದಿದ್ದ ಲೇಖಕ. ಸಿನಿಮಾಗಳು ನಿಂತು ಎಂಟು ವರ್ಷವಾಗಿದ್ದ, ಮುಂದೆ ಬರುವ ಸೂಚನೆಯೂ ಇಲ್ಲದ ಹೊತ್ತಿನಲ್ಲಿ ಆ ಪುಸ್ತಕ ಹೆಚ್ಚು ಮಾರಾಟವಾಗುವ ಪುಸ್ತಕಗಳ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ತುದಿಗೇರಿತು. ಸೈನಿಕನಂತಲ್ಲದೆ ಕಲಾವಿಮರ್ಶಕನಂತೆ ಶತ್ರುವನ್ನು ಅಭ್ಯಾಸ ಮಾಡುವ ಸೇನಾಪತಿ ಥ್ರಾನ್, ಲ್ಯೂಕ್‌ನನ್ನು ಕೊಲ್ಲಲೆಂದು ಬಂದು ಮುಂದೆ ಅವನ ಹೆಂಡತಿಯಾದ ಮಾರಾ ಜೇಡ್, ರಾಜಧಾನಿ ಗ್ರಹಕ್ಕೆ ಕೊರುಸಾಂಟ್ ಎಂಬ ಹೆಸರು, ಇವೆಲ್ಲ ಬಂದದ್ದು ಅಲ್ಲಿಂದ. ನಂತರದ ಚಿತ್ರಗಳು ಕೊರುಸಾಂಟ್ ಹೆಸರನ್ನು ಹಾಗೆಯೇ ತೆಗೆದುಕೊಂಡವು. ಪುಸ್ತಕಗಳು, ಕಾಮಿಕ್ಸ್, ಆಟಗಳು ಎಲ್ಲವೂ ಒಂದೇ ಇತಿಹಾಸದ ಭಾಗಗಳು, ಒಂದರಲ್ಲಿ ನಡೆದದ್ದು ಇನ್ನೊಂದರಲ್ಲೂ ನಡೆದಿದೆ ಎಂಬ ನಿಯಮ ಬಂತು. 2000ದಿಂದ ಸ್ಟಾರ್ ವಾರ್ಸ್ ಚಿತ್ರಗಳನ್ನು ತಯಾರಿಸುವ ಲುಕಾಸ್‌ಫಿಲ್ಮ್ ಸಂಸ್ಥೆಯಲ್ಲಿ ಲಿಲ್ಯಾಂಡ್ ಚೀ ಎಂಬವರು ಈ ಇತಿಹಾಸದ ಸಮಸ್ತ ವಿವರಗಳ ದತ್ತಾಂಶ ಕೋಶವನ್ನೇ ನೋಡಿಕೊಳ್ಳುತ್ತಿದ್ದರು. ಸಿನಿಮಾ ಹೇಳಿದ್ದಕ್ಕೆ ಮೇಲಿನ ಸ್ಥಾನ, ಪುಸ್ತಕಕ್ಕೆ ಅದರ ಕೆಳಗಿನ ಸ್ಥಾನ. ಆದರೂ ಸ್ಥಾನವೊಂದು ಇತ್ತು. ಸ್ಟಾರ್ ಟ್ರೆಕ್ ಓದುಗನಿಗೆ ಯಾರೂ ಕೊಡದ ಮಾತನ್ನು ಸ್ಟಾರ್ ವಾರ್ಸ್ ಓದುಗನಿಗೆ ಕೊಡಲಾಗಿತ್ತು: ನೀನು ಓದುತ್ತಿರುವುದು ನಿಜವಾಗಿ ನಡೆದದ್ದು.

ಆದರೆ ತೊಂಬತ್ತರ ದಶಕದ ಕೊನೆಗೆ ಓದುಗರಿಗೆ ಬೇಸರ ಬಂದಿತ್ತು. ಪ್ರತಿ ಕಾದಂಬರಿಯಲ್ಲೂ, ಮೊದಲ ಚಿತ್ರಗಳಲ್ಲಿ ಸೋತ ಸಾಮ್ರಾಜ್ಯದ ಅಳಿದುಳಿದ ಸೇನಾಪತಿಯೊಬ್ಬ ಹೊಸ ಮಹಾಸ್ತ್ರವೊಂದನ್ನು ಹಿಡಿದು ಬರುತ್ತಿದ್ದ, ಹಾನ್ ಮತ್ತು ಲೇಯಾ ದಂಪತಿಯ ಮಕ್ಕಳು ಅಪಹರಣಕ್ಕೊಳಗಾಗುತ್ತಿದ್ದರು, ಕೊನೆಗೆ ಎಲ್ಲರೂ ಸುರಕ್ಷಿತವಾಗಿ ಮನೆ ಸೇರುತ್ತಿದ್ದರು. ಯಾರೂ ಸಾಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಓದುಗನ ಎದೆ ಹೊಡೆದುಕೊಳ್ಳುವುದಾದರೂ ಯಾಕೆ? 1999ರಲ್ಲಿ ಪರವಾನಗಿ ಡೆಲ್ ರೇ ಪ್ರಕಾಶನದ ಕೈಗೆ ಬಂದಾಗ ಸಂಪಾದಕಿ ಶೆಲ್ಲಿ ಶಪೀರೊ, ಲುಕಾಸ್‌ಫಿಲ್ಮ್‌ನ ಸ್ಯೂ ರಾಸ್ಟೋನಿ ಮೊದಲಾದವರು ಲೇಖಕರೊಂದಿಗೆ ಕೂತು ಒಂದೇ ದೊಡ್ಡ ಕಥೆಯನ್ನು ಮೊದಲೇ ಯೋಜಿಸಿಕೊಂಡರು. ಶತ್ರುಗಳು ಬೇರೆ ನಕ್ಷತ್ರಪುಂಜದಿಂದ ಬರುವ ಯೂಜಾನ್ ವಾಂಗ್ ಎಂಬ ಜನಾಂಗ. ಯುದ್ಧ ನಾಲ್ಕೈದು ವರ್ಷ ನಡೆಯುತ್ತದೆ. ಓದುಗರು ಬೆಚ್ಚಿಬೀಳುವಂತೆ ಮೊದಲ ಪುಸ್ತಕದಲ್ಲಿಯೇ ಎಲ್ಲರಿಗೂ ಬೇಕಾದವನೊಬ್ಬ ಸಾಯಬೇಕು. ಆಯ್ಕೆಯಾದವನು ಚ್ಯೂಬಾಕಾ, ಮೊದಲ ಚಿತ್ರದಿಂದಲೂ ಹಾನ್ ಜೊತೆಗಿದ್ದ, ಮೈತುಂಬ ರೋಮವಿರುವ ದೈತ್ಯ ಗೆಳೆಯ.

ಆ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ವಾದ ಅದರ ಸುತ್ತಲೇ ನಿಂತಿದೆ. ಆರ್. ಎ. ಸಾಲ್ವಟೋರ್ ಬರೆದ 'ವೆಕ್ಟರ್ ಪ್ರೈಮ್' ಕಾದಂಬರಿಯಲ್ಲಿ ಸರ್ನ್‌ಪಿಡಾಲ್ ಎಂಬ ಗ್ರಹಕ್ಕೆ ಅದರದೇ ಚಂದ್ರ ಅಪ್ಪಳಿಸಲಿದೆ. ಶತ್ರುಗಳು ಗ್ರಹದ ಮೇಲೆ ನೆಟ್ಟ ಜೀವಿಯೊಂದು ತನ್ನ ಗುರುತ್ವ ಬಲದಿಂದ ಆ ಚಂದ್ರನನ್ನು ಎಳೆಯುತ್ತಿದೆ. ಹಾನ್, ಚ್ಯೂಬಾಕಾ ಮತ್ತು ಹಾನ್‌ನ ಕಿರಿಯ ಮಗ ಅನಾಕಿನ್ ಅಲ್ಲಿನ ಜನರನ್ನು ಹಡಗಿಗೆ ತುಂಬುತ್ತಿದ್ದಾರೆ. ಬಿರುಗಾಳಿಯ ನಡುವೆ ಚ್ಯೂಬಾಕಾ ಹುಡುಗನನ್ನು ಎತ್ತಿ ಹಡಗಿನತ್ತ ಎಸೆದು ತಂದೆಯ ಕೈಗೆ ದಾಟಿಸುತ್ತಾನೆ. ತಾನು ಹಿಂದೆ ಉಳಿಯುತ್ತಾನೆ. ಹಡಗಿನ ಚುಕ್ಕಾಣಿ ಈಗ ಅನಾಕಿನ್‌ನ ಕೈಯಲ್ಲಿದೆ. ಇನ್ನೊಂದು ಸುತ್ತು ಹಾಕಿ ಚ್ಯೂಬಾಕಾನನ್ನು ಎತ್ತಿಕೊಳ್ಳಲು ಹೋದರೆ ಒಳಗಿರುವ ಎಲ್ಲರೂ ಸಾಯುತ್ತಾರೆ. ಹುಡುಗ ಹಡಗನ್ನು ಮೇಲಕ್ಕೆ ತಿರುಗಿಸುತ್ತಾನೆ. ಬಾಗಿಲ ಬಳಿ ನಿಂತ ಹಾನ್‌ಗೆ ಕೊನೆಯದಾಗಿ ಕಾಣಿಸುವುದು, ಬೀಳುತ್ತಿರುವ ಚಂದ್ರನ ಎದುರು ಕೈಯೆತ್ತಿ ಗರ್ಜಿಸುತ್ತಿರುವ ಗೆಳೆಯ. ಆಮೇಲೆ ಆ ತಂದೆ ಮಗನತ್ತ ತಿರುಗಿ, ಅವನನ್ನು ಬಿಟ್ಟುಬಂದವನು ನೀನು ಎಂದು ದೂರುತ್ತಾನೆ.

ಸಾಲ್ವಟೋರ್ ಅವರಿಗೆ ಬಂದ ಪತ್ರಗಳಲ್ಲಿ ಬೈಗುಳಗಳಿದ್ದವು, ಕೊಲೆ ಬೆದರಿಕೆಗಳೂ ಇದ್ದವು. ಕೊಲ್ಲುವ ನಿರ್ಧಾರ ಅವರದಾಗಿರಲಿಲ್ಲ. ಮೇಲಿನವರ ಯೋಜನೆಯನ್ನು ಬರೆದುಕೊಡುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. ಆದರೂ ಸಿಟ್ಟು ಮುಖಪುಟದ ಮೇಲೆ ಹೆಸರಿದ್ದವನ ಮೇಲೆಯೇ ತಿರುಗಿತು. ಬೆದರಿಕೆಯ ಪತ್ರ ಬರೆಯುವವರನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ, ಅವರನ್ನು ಬದಿಗಿಡೋಣ. ಮರ್ಯಾದೆಯಿಂದಲೇ ವಿರೋಧಿಸಿದ ಓದುಗರು ಬಹಳ ಮಂದಿ ಇದ್ದರು, ಅವರ ವಾದವನ್ನು ನಾವು ಕೇಳಬೇಕು.

ಅವರಲ್ಲಿ ಮೊದಲನೆಯ ಗುಂಪಿನ ಮಾತು ಇಷ್ಟು: ಸ್ಟಾರ್ ವಾರ್ಸ್ ಎಂಬುದು ಸಾಹಸ ಕಥೆ, ಅದರ ಜೀವಾಳ ಲವಲವಿಕೆ, ಕೋಟ್ಯಂತರ ಜನ ಸಾಯುವ, ಗ್ರಹದ ಮೇಲೆ ಗ್ರಹ ನಾಶವಾಗುವ, ನೋವನ್ನೇ ಪೂಜಿಸುವ ಶತ್ರುಗಳಿಂದ ತುಂಬಿದ ಯುದ್ಧಕಥನಕ್ಕೆ ಆ ಹೆಸರನ್ನು ಅಂಟಿಸುವುದು ಸರಿಯಲ್ಲ. ಈ ವಾದವನ್ನು ಬಾಲಿಶವೆಂದು ತಳ್ಳಿಹಾಕುವುದು ವಾಡಿಕೆಯಾಗಿದೆ, ನಾನು ಹಾಗೆ ಮಾಡುವುದಿಲ್ಲ. ಒಂದು ಕಥಾಲೋಕಕ್ಕೆ ಅದರದೇ ಆದ ಸ್ವಭಾವವಿರುತ್ತದೆ, ಓದುಗ ಅದನ್ನು ಬಯಸಿ ಹಣ ಕೊಟ್ಟಿರುತ್ತಾನೆ. ಎರಡನೆಯ ಗುಂಪಿನ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು: ಸಾವಿಗೆ ನಮ್ಮ ಅಡ್ಡಿಯಿಲ್ಲ, ಆದರೆ ಈ ಸಾವು ಕಥೆಯ ಒಳಗಿನಿಂದ ಹುಟ್ಟಿಲ್ಲ, ಸಭೆಯ ಮೇಜಿನ ಮೇಲೆ ಹುಟ್ಟಿದೆ, ಯಾರು ಸಾಯಬೇಕೆಂದು ಮೊದಲು ತೀರ್ಮಾನಿಸಿ, ಹೇಗೆಂಬುದನ್ನು ಆಮೇಲೆ ಹುಡುಕಿದ್ದಾರೆ. ಇದು ನಿಜ, ಅಲ್ಲಗಳೆಯುವಂತಿಲ್ಲ. ನನ್ನ ತಕರಾರು ಒಂದೇ. ಸಾವು ಎಲ್ಲಿ ತೀರ್ಮಾನವಾಯಿತು ಎನ್ನುವುದಕ್ಕಿಂತ, ತೀರ್ಮಾನವಾದ ಮೇಲೆ ಅದರ ಭಾರವನ್ನು ಮುಂದಿನ ಪುಟಗಳು ಹೊತ್ತವೋ ಇಲ್ಲವೋ ಎನ್ನುವುದು ಮುಖ್ಯ. ಈ ಸರಣಿಯಲ್ಲಿ ಹೊತ್ತವು. 2000ದಲ್ಲಿ ಬಂದ ಜೇಮ್ಸ್ ಲುಸೆನೋ ಅವರ 'ಹೀರೋಸ್ ಟ್ರಯಲ್' ಕಾದಂಬರಿಯಲ್ಲಿ ಹಾನ್ ಸೋಲೋ ಮನೆಯನ್ನು, ಹೆಂಡತಿಯನ್ನು, ಮಕ್ಕಳನ್ನು ಬಿಟ್ಟು ಅಲೆಯುತ್ತಾನೆ. ಹಾಸ್ಯವೇ ಉಸಿರಾಗಿದ್ದ ಆ ಮನುಷ್ಯ ಮಾತೆತ್ತಿದರೆ ಕಚ್ಚುತ್ತಾನೆ. ಅನಾಕಿನ್ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಪುಸ್ತಕದಿಂದ ಪುಸ್ತಕಕ್ಕೆ ಕೊರಗುತ್ತಾನೆ. ಸಿನಿಮಾದ ಹಾನ್‌ಗೆ ಇಷ್ಟು ಆಳ ಬೇಕಿರಲಿಲ್ಲ, ಸಿಕ್ಕಿರಲೂ ಇಲ್ಲ. ಇದು ಕಾದಂಬರಿಯೇ ಕೊಡಬಲ್ಲದ್ದು.

ಯೂಜಾನ್ ವಾಂಗ್ ಜನಾಂಗದ ಬಗ್ಗೆಯೂ ಓದುಗರು ಇಬ್ಭಾಗವಾದರು. ಈ ಜನ ಯಂತ್ರಗಳನ್ನು ಪಾಪವೆಂದು ಬಗೆಯುತ್ತಾರೆ. ಅವರ ಹಡಗು, ಆಯುಧ, ರಕ್ಷಾಕವಚ ಎಲ್ಲವೂ ಬೆಳೆಸಿದ ಜೀವಿಗಳು, ದೂರದವರೊಂದಿಗೆ ಮಾತನಾಡಲು ಬಳಸುವುದೂ ಮಾತನಾಡುವವನ ಮುಖವನ್ನೇ ತಾಳುವ ಒಂದು ಜೀವಿಯನ್ನು. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, ಲ್ಯೂಕ್ ಸೇರಿದ ಯೋಧ ಪಂಥವಾದ ಜೆಡೈಗಳು ನಂಬಿರುವ 'ಫೋರ್ಸ್' ಎಂಬ ಶಕ್ತಿಯಲ್ಲಿ ಇವರ ಸುಳಿವೇ ಸಿಗುವುದಿಲ್ಲ. ಸಮಸ್ತ ಜೀವಿಗಳಲ್ಲಿಯೂ ಆ ಶಕ್ತಿ ಹರಿಯುತ್ತದೆ ಎನ್ನುವುದು ಮೊದಲ ಚಿತ್ರದಿಂದ ಬಂದ ತಳಹದಿ. ಅದಕ್ಕೇ ಕೈಹಾಕಿದರೆಂದು ಒಂದು ವರ್ಗ ಸಿಟ್ಟಾಯಿತು. ನಿಮ್ಮಲ್ಲೊಬ್ಬರು ಈಗಾಗಲೇ ತಲೆಯಾಡಿಸುತ್ತಿದ್ದೀರಿ, ಬಹುಶಃ ನೀವೂ ಆ ವರ್ಗದವರು. ಆದರೆ ಕಾದಂಬರಿಗಳು ಆ ನಿಯಮವನ್ನು ಮರೆತು ಬರೆದವಲ್ಲ, ಅದನ್ನೇ ಪ್ರಶ್ನೆಯಾಗಿ ಮುಂದಿಟ್ಟು ಬರೆದವು. ಎಲ್ಲ ಜೀವವೂ ಪವಿತ್ರವೆನ್ನುವ ಪಂಥ, ತಾನು ಗ್ರಹಿಸಲಾರದ ಜೀವದ ಎದುರು ಹೇಗೆ ನಡೆದುಕೊಳ್ಳುತ್ತದೆ? ಕೊಲ್ಲುವುದು ಸುಲಭವಾಗುತ್ತದೆಯೇ? ಸಾಮ್ರಾಜ್ಯದ ಕಾಲದಲ್ಲಿ ಜೆಡೈಗಳಿಗೆ ಈ ಪ್ರಶ್ನೆ ಬಂದಿರಲಿಲ್ಲ, ಏಕೆಂದರೆ ಮೊದಲ ಚಿತ್ರಗಳ ಖಳನೂ ತನ್ನ ತಂದೆಯೂ ಆದ ಡಾರ್ತ್ ವೇಡರ್‌ನ ಒಳಗನ್ನು ಲ್ಯೂಕ್ ಮುಟ್ಟಿ ನೋಡಬಲ್ಲವನಾಗಿದ್ದ. ಕೊನೆಯ ಸಂಪುಟಗಳಲ್ಲಿ ಇದಕ್ಕೆ ಸಿಗುವ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಪ್ರಶ್ನೆಯಂತೂ ಅದ್ಭುತವಾದದ್ದು.

ಇಲ್ಲಿ ಪ್ರಕಾಶನದ ಲೆಕ್ಕಾಚಾರವನ್ನೂ ಸ್ವಲ್ಪ ಗಮನಿಸಬೇಕು. 19ರಲ್ಲಿ 5 ಪುಸ್ತಕಗಳು ಗಟ್ಟಿ ರಟ್ಟಿನವು, ಉಳಿದ 14 ಅಗ್ಗದ ಪೇಪರ್‌ಬ್ಯಾಕ್‌ಗಳು. ದೊಡ್ಡ ಘಟನೆಗಳನ್ನೆಲ್ಲ ಗಟ್ಟಿ ರಟ್ಟಿನವುಗಳಿಗೆ ಮೀಸಲಿಟ್ಟರು. ಇದರಿಂದಾಗಿ ನಡುವಿನ ಹಲವು ಪುಸ್ತಕಗಳಲ್ಲಿ ಕಥೆ ಮುಂದೆ ಸರಿಯದೆ ಒಂದೇ ಕಡೆ ಕಾಲು ತುಳಿಯುತ್ತದೆ. ಮೂರು ಸಂಪುಟಗಳ 'ಫೋರ್ಸ್ ಹೆರೆಟಿಕ್' ಭಾಗವನ್ನು ಓದುವಾಗ ನನಗೂ ಹಾಗೆಯೇ ಅನ್ನಿಸಿತು. ಲೇಖಕರು ಹನ್ನೆರಡು ಮಂದಿ ಇದ್ದುದರಿಂದ ಪಾತ್ರದ ದನಿಯೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಆರನ್ ಆಲ್‌ಸ್ಟನ್ ಬರೆದ ಎರಡು ಪುಸ್ತಕಗಳಲ್ಲಿ ಯುದ್ಧದ ನಡುವೆಯೂ ಎಲ್ಲರೂ ಚಟಾಕಿ ಹಾರಿಸುತ್ತಾರೆ, ಅದರ ಹಿಂದಿನ ಪುಸ್ತಕದಲ್ಲಿ ಅದೇ ಜನ ಶೋಕದಲ್ಲಿ ಮುಳುಗಿದ್ದರು. ಆಲ್‌ಸ್ಟನ್ ಹಾಸ್ಯ ಕೆಲವರಿಗೆ ಉಸಿರಾಡಲು ಸಿಕ್ಕ ಗಾಳಿ, ಕೆಲವರಿಗೆ ಸೂತಕದ ಮನೆಯಲ್ಲಿ ಕೇಳಿದ ನಗು. ಇಲ್ಲಿ ನಾನು ಆಲ್‌ಸ್ಟನ್ ಪಕ್ಷ.

ಒಂಬತ್ತನೆಯ ಪುಸ್ತಕ, 2001ರ 'ಸ್ಟಾರ್ ಬೈ ಸ್ಟಾರ್'. ಬರೆದವರು ಟ್ರಾಯ್ ಡೆನ್ನಿಂಗ್. ಅದರಲ್ಲಿ ಅನಾಕಿನ್ ಸೋಲೋ ಸಾಯುತ್ತಾನೆ, ರಾಜಧಾನಿ ಕೊರುಸಾಂಟ್ ಶತ್ರುಗಳ ವಶವಾಗುತ್ತದೆ. ಚ್ಯೂಬಾಕಾನ ಸಾವು ಓದುಗರನ್ನು ಆಘಾತಗೊಳಿಸಿದ್ದರೆ, ಈ ಸಾವು ಅವರನ್ನು ಗೊಂದಲಕ್ಕೆ ದೂಡಿತು, ಏಕೆಂದರೆ ಎಂಟು ಪುಸ್ತಕಗಳ ಉದ್ದಕ್ಕೂ ಈ ಹುಡುಗನೇ ಮುಂದಿನ ನಾಯಕನೆಂಬಂತೆ ಬೆಳೆದಿದ್ದ. ಮೂಲ ಯೋಜನೆಯಲ್ಲಿ ಅವನೇ ನಾಯಕನಾಗಿದ್ದನಂತೆ. ಅದೇ ಹೊತ್ತಿಗೆ ತೆರೆಯ ಮೇಲೆ ಬರುತ್ತಿದ್ದ ಚಿತ್ರಗಳ ನಾಯಕನ ಹೆಸರೂ ಅನಾಕಿನ್ ಆದ್ದರಿಂದ ಜನರಿಗೆ ಗೊಂದಲವಾದೀತೆಂದು ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲುಕಾಸ್ ಕಡೆಯಿಂದ ಆಕ್ಷೇಪ ಬಂದು, ಅಣ್ಣ ಜೇಸನ್‌ಗೆ ಆ ಸ್ಥಾನ ಹೋಯಿತು. ಹೆಸರಿನ ಕಾರಣಕ್ಕೆ ಒಂದು ಪಾತ್ರದ ಹಣೆಬರಹ ತಿರುಗುವುದು ಸ್ವತಂತ್ರ ಕಾದಂಬರಿಯಲ್ಲಿ ಸಾಧ್ಯವೇ ಇಲ್ಲ. ಆದರೂ ಈ ಹೊರಗಿನ ಒತ್ತಡದಿಂದಲೇ ಸರಣಿಯ ಅತ್ಯುತ್ತಮ ಪುಸ್ತಕ ಹುಟ್ಟಿತು ಎನ್ನುವುದು ನನ್ನ ಅಭಿಪ್ರಾಯ.

ಆ ಪುಸ್ತಕ 2002ರಲ್ಲಿ ಮ್ಯಾಥ್ಯೂ ಸ್ಟೋವರ್ ಬರೆದ 'ಟ್ರೇಟರ್', ಸರಣಿಯ ಹದಿಮೂರನೆಯದು. ಲ್ಯೂಕ್, ಹಾನ್, ಲೇಯಾ ಯಾರೂ ಇದರಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂದೇ ಹೇಳಬಹುದು. ಸೆರೆಸಿಕ್ಕ ಜೇಸನ್, ಅವನಿಗೆ ನೋವು ಕೊಡುತ್ತಲೇ ಪಾಠ ಹೇಳುವ ವರ್ಜೇರ್ ಎಂಬ ಹಕ್ಕಿಯಂಥ ಮುದಿ ಜೀವಿ, ಇವರಿಬ್ಬರ ಮಾತುಕತೆಯೇ ಕಾದಂಬರಿಯ ಬಹುಭಾಗ. ತಾನು ಹೇಳುವುದೆಲ್ಲ ಸುಳ್ಳೆಂದು ಆಕೆ ಮೊದಲೇ ಹೇಳಿಬಿಡುತ್ತಾಳೆ, ಆಮೇಲೆ ಅವನಿಂದ ಸತ್ಯವನ್ನು ಹೊರಡಿಸುತ್ತಾಳೆ. ಫೋರ್ಸ್ ಶಕ್ತಿಯ ಕೆಡುಕಿನ ಮುಖವೆನ್ನುವ ಕತ್ತಲೆಯ ಪಕ್ಷ ಎಂಬುದು ಹೊರಗೆಲ್ಲೋ ಇಲ್ಲ, ಅದನ್ನು ನಿನ್ನೊಳಗೆ ನೋಡಿಕೋ ಎನ್ನುವ ದಿಕ್ಕಿಗೆ ಅವಳ ಪಾಠ ಸಾಗುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ ಗ್ಯಾನರ್ ರೈಸೋಡ್ ಎಂಬ ಜೆಡೈ, ಅಲ್ಲಿಯವರೆಗಿನ ಪುಸ್ತಕಗಳಲ್ಲಿ ಬರೀ ಜಂಭಗಾರನಾಗಿ ಬಂದು ಹೋಗಿದ್ದವನು, ಒಂದು ಬಾಗಿಲ ಮುಂದೆ ಒಬ್ಬನೇ ನಿಂತು ಶತ್ರು ಸೇನೆಯನ್ನು ತಡೆಯುತ್ತಾನೆ. ತಾನು ವೀರನಂತೆ ನಟಿಸುತ್ತ ಬಂದವನು ಎಂಬುದು ಅವನಿಗೆ ಗೊತ್ತು, ನಟಿಸುವುದನ್ನು ನಿಲ್ಲಿಸುವುದೂ ಇಲ್ಲ. ಆ ನಟನೆಯನ್ನು ಪ್ರಾಣ ಹೋಗುವವರೆಗೂ ನಡೆಸಿದಾಗ ಅದು ನಟನೆಯಾಗಿ ಉಳಿಯುವುದಿಲ್ಲ. ಬಾಡಿಗೆಯ ಲೋಕದಲ್ಲಿ, ಬೇರೊಬ್ಬರು ಕೊಟ್ಟ ಕಥಾಸಾರದ ಮೇಲೆ, ಒಬ್ಬ ಲೇಖಕ ಇಷ್ಟನ್ನು ಸಾಧಿಸಿದ್ದನ್ನು ನೋಡಿದ ಮೇಲೆ ಟೈ-ಇನ್ ಕಾದಂಬರಿಯನ್ನು ಸಾರಾಸಗಟಾಗಿ ಕೀಳೆನ್ನುವುದು ನನ್ನಿಂದಾಗುವುದಿಲ್ಲ.

'ಟ್ರೇಟರ್' ಎಲ್ಲರಿಗೂ ಹಿಡಿಸಿತೆಂದು ತಿಳಿಯಬೇಡಿ. ಒಳಿತು ಕೆಡುಕುಗಳ ಗೆರೆ ಖಚಿತವಾಗಿರುವುದೇ ಈ ಲೋಕದ ಬಲ, ಅದನ್ನು ಅಳಿಸಿದರೆ ಉಳಿಯುವುದೇನು ಎಂದು ಕೇಳಿದವರಿದ್ದಾರೆ. ಅವರ ಪಾಲಿಗೆ ವರ್ಜೇರ್‌ಳ ಮಾತು ಗಹನವಲ್ಲ, ಹಿಂಸೆಯನ್ನು ಪಾಠವೆಂದು ಕರೆಯುವ ವಂಚನೆ. ವಿಚಿತ್ರವೆಂದರೆ ಈ ಚರ್ಚೆಯಲ್ಲಿ ಮುಂದಿನ ಕಾದಂಬರಿಗಳೇ ಪಕ್ಷ ವಹಿಸಿದವು. 2006ರಲ್ಲಿ ಶುರುವಾದ ಒಂಬತ್ತು ಸಂಪುಟಗಳ 'ಲೆಗಸಿ ಆಫ್ ದಿ ಫೋರ್ಸ್' ಸರಣಿ ವರ್ಜೇರ್‌ಳನ್ನು ಜೆಡೈಗಳ ವೈರಿಗಳಾದ ಸಿತ್ ಪಂಥದವಳೆಂದು ಹೇಳಿತು. ಅವಳ ಶಿಷ್ಯ ಜೇಸನ್ ಅದೇ ಸರಣಿಯಲ್ಲಿ ಡಾರ್ತ್ ಕೇಡಸ್ ಎಂಬ ಖಳನಾದ. ಸ್ಟೋವರ್ ಉದ್ದೇಶಪೂರ್ವಕವಾಗಿ ತೆರೆದಿಟ್ಟಿದ್ದ ಪ್ರಶ್ನೆಗೆ ಬೇರೆ ಲೇಖಕರು ಉತ್ತರ ಬರೆದು ಮುಚ್ಚಿದರು. 'ಟ್ರೇಟರ್' ಮೆಚ್ಚಿದವರಿಗೆ ಇದು ತಮ್ಮ ಪುಸ್ತಕವನ್ನು ಹಿಂದಿನಿಂದ ತಿದ್ದಿದಂತಾಯಿತು. ವಿರೋಧಿಸಿದವರಿಗೆ ತಮ್ಮ ಗುಮಾನಿಯೇ ನಿಜವಾಯಿತೆಂಬ ತೃಪ್ತಿ. ಅಧಿಕೃತ ಇತಿಹಾಸ ಎಂಬ ಭರವಸೆಯ ಇನ್ನೊಂದು ಮುಖ ಇದು. ನೀನು ಓದಿದ್ದು ನಿಜವಾಗಿ ನಡೆದದ್ದು ಎಂದಾದರೆ, ನಾಳೆ ಬರುವ ಪುಸ್ತಕವೂ ನಿಜವೇ, ಅದು ನಿನ್ನ ಪುಸ್ತಕದ ಅರ್ಥವನ್ನು ಬದಲಿಸಿದರೂ ನೀನು ಒಪ್ಪಬೇಕಾಗುತ್ತದೆ.

ಅದೇ ಸರಣಿಯಲ್ಲಿ, 2007ರ 'ಸ್ಯಾಕ್ರಿಫೈಸ್' ಕಾದಂಬರಿಯಲ್ಲಿ, ಮಾರಾ ಜೇಡ್ ಕೊಲೆಯಾದಳು. ಬರೆದವರು ಕ್ಯಾರನ್ ಟ್ರಾವಿಸ್; ಪಾತ್ರವನ್ನು ಸೃಷ್ಟಿಸಿದ ಝಾನ್ ಅವರನ್ನು ಯಾರೂ ಮೊದಲು ಕೇಳಿರಲಿಲ್ಲ. ಕಾನೂನಿನ ಪ್ರಕಾರ ಕೇಳಬೇಕಾಗಿಯೂ ಇರಲಿಲ್ಲ. ಇಲ್ಲಿ ನಾನು ವಿರೋಧಿಸಿದವರ ಕಡೆಗೇ ವಾಲುತ್ತೇನೆ. ಚ್ಯೂಬಾಕಾನ ಸಾವಿನ ನಂತರ ಒಂದು ಕುಟುಂಬ ಒಡೆದು ಮತ್ತೆ ಕೂಡುವುದನ್ನು ಹಲವು ಪುಸ್ತಕಗಳು ತಾಳ್ಮೆಯಿಂದ ತೋರಿಸಿದ್ದವು. ಈ ಹೊತ್ತಿಗೆ ಪ್ರತಿ ಸರಣಿಯಲ್ಲೂ ದೊಡ್ಡ ಪಾತ್ರವೊಂದು ಸಾಯುವುದು ರೂಢಿಯಾಗಿ, ಮುಂದಿನ ಸಾವು ಯಾರದೆಂದು ಓದುಗರು ಊಹೆ ಕಟ್ಟುವ ಮಟ್ಟಕ್ಕೆ ಬಂದಿತ್ತು. ಯಾರೂ ಸಾಯುವುದಿಲ್ಲವೆಂಬ ಖಾತ್ರಿ ಎಷ್ಟು ಬೇಸರ ತರುತ್ತದೆಯೋ, ಯಾರಾದರೊಬ್ಬರು ಸತ್ತೇ ಸಾಯುತ್ತಾರೆಂಬ ಖಾತ್ರಿಯೂ ಅಷ್ಟೇ ಬೇಸರ ತರುತ್ತದೆ.

ಉಳಿದದ್ದು ಬೇಗ ಹೇಳಬಹುದು. 2012ರ ಅಕ್ಟೋಬರ್ 30ರಂದು ಡಿಸ್ನಿ ಸಂಸ್ಥೆ ಲುಕಾಸ್‌ಫಿಲ್ಮ್ ಅನ್ನು ಸುಮಾರು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2014ರ ಏಪ್ರಿಲ್ 25ರಂದು, ಅಲ್ಲಿಯವರೆಗಿನ ಎಲ್ಲ ಕಾದಂಬರಿಗಳೂ ಇನ್ನು ಮುಂದೆ 'ಲೆಜೆಂಡ್ಸ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ, ಹೊಸ ಚಿತ್ರಗಳ ಕಥೆ ಅವಕ್ಕೆ ಬದ್ಧವಲ್ಲ ಎಂಬ ಘೋಷಣೆ ಹೊರಬಿತ್ತು. ಹಿಂದೆ ಪ್ರಸ್ತಾಪಿಸಿದ ಲಿಲ್ಯಾಂಡ್ ಚೀ ನಂತರದ ಸಂದರ್ಶನವೊಂದರಲ್ಲಿ, ತಮ್ಮ ಮಟ್ಟಿಗೆ ಈ ನಿರ್ಧಾರದ ಹಿಂದಿನ ಮುಖ್ಯ ಸಂಗತಿ ಚ್ಯೂಬಾಕಾ ಸತ್ತಿದ್ದನೆಂಬುದೇ ಎಂದು ಹೇಳಿದರು; ಅವನಿಲ್ಲದೆ ಹೊಸ ಚಿತ್ರ ಮಾಡುವುದನ್ನು ಅವರಿಗೆ ಕಲ್ಪಿಸಿಕೊಳ್ಳಲು ಆಗಲಿಲ್ಲ. 2015ರ ಚಿತ್ರದಲ್ಲಿ ಅವನು ಹಾನ್ ಪಕ್ಕದಲ್ಲಿ ಜೀವಂತವಾಗಿ ನಿಂತಿದ್ದ. ಅದೇ ಚಿತ್ರದಲ್ಲಿ ಹಾನ್ ಮತ್ತು ಲೇಯಾ ದಂಪತಿಯ ಮಗ ಕತ್ತಲೆಯ ಪಕ್ಷಕ್ಕೆ ಹೋದವನಾಗಿ ಬಂದ. ಅವನಿಗೆ ಬೆನ್ ಎಂಬ ಹೆಸರಿತ್ತು. ನ್ಯೂ ಜೆಡೈ ಆರ್ಡರ್ ಓದಿದವರಿಗೆ ಬೆನ್ ಎಂದರೆ ಲ್ಯೂಕ್ ಮತ್ತು ಮಾರಾ ದಂಪತಿಯ ಮಗ. ಪುಸ್ತಕಗಳನ್ನು ಬದಿಗಿಟ್ಟವರೇ ಅವುಗಳ ಸಾಮಗ್ರಿಯನ್ನು ಬಳಸಿಕೊಂಡರೆಂದು ಹಳೆಯ ಓದುಗರು ಹಲ್ಲು ಕಡಿದದ್ದು ಅಸಹಜವೇನಲ್ಲ. ಥ್ರಾನ್‌ನನ್ನಂತೂ 2016ರಲ್ಲಿ ನೇರವಾಗಿಯೇ ಟೆಲಿವಿಷನ್‌ಗೆ ಕರೆತಂದರು, ಮರುವರ್ಷ ಝಾನ್ ಅವರಿಂದಲೇ ಅವನ ಬಗ್ಗೆ ಹೊಸ ಕಾದಂಬರಿ ಬರೆಸಿದರು.

ಆ ಘೋಷಣೆಯ ಮೇಲೆ ಓದುಗರು ಎರಡು ಬಗೆಯಲ್ಲಿ ಮಾತನಾಡಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಓದಿದ್ದೆಲ್ಲ ಸುಳ್ಳಾಯಿತೆಂದು ಕೆಲವರು ನೊಂದರು, ಸರಣಿ ಮುಂದುವರಿಸಿ ಎಂದು ಅರ್ಜಿ ಹಾಕಿದರು. ಕಾದಂಬರಿ ಮೊದಲಿಂದಲೂ ಕಲ್ಪನೆಯೇ ತಾನೆ, ಕಲ್ಪನೆಯೊಳಗೆ ಯಾವುದು ನಿಜವೆಂದು ಕಂಪನಿಯೊಂದು ಹೇಳಿದರೆ ಪುಸ್ತಕದ ಪುಟಗಳೇನು ಬದಲಾಗುತ್ತವೆಯೇ ಎಂದು ಉಳಿದವರು ಕೇಳಿದರು. ಎರಡನೆಯವರ ಮಾತು ತರ್ಕಕ್ಕೆ ಸರಿ. ಆದರೆ ಮೊದಲನೆಯವರು ಕಳೆದುಕೊಂಡದ್ದು ಪುಟಗಳನ್ನಲ್ಲ, ಮುಂದಿನ ಪುಸ್ತಕವನ್ನು. ಜೇಸನ್ ಜೊತೆ ಅವಳಿಯಾಗಿ ಹುಟ್ಟಿದ ಜೇನಾ ಸೋಲೋಗೆ ಮುಂದೆ ಏನಾಯಿತು, ಬೆನ್ ಸ್ಕೈವಾಕರ್ ಎಂಥ ಗುರುವಾದ ಎನ್ನುವುದನ್ನು ಇನ್ನು ಯಾರೂ ಬರೆಯುವುದಿಲ್ಲ. ಪರಿಣಾಮಗಳಿಗಾಗಿ ಓದುವುದನ್ನು ಈ ಸರಣಿಯೇ ಅವರಿಗೆ ಕಲಿಸಿತ್ತು. ಹಾಗೆ ಓದುವವನಿಗೆ ಮುಂದಿನ ಪುಸ್ತಕ ಇಲ್ಲವೆಂದರೆ ಈಗಿರುವುದೂ ಅರ್ಧಕ್ಕೆ ನಿಂತಂತೆ. ಸ್ಟಾರ್ ಟ್ರೆಕ್ ಕಾದಂಬರಿಗಳಿಗೂ ಇಂಥದೇ ಸ್ಥಿತಿ ಬಂದಾಗ ಅಲ್ಲಿನ ಲೇಖಕರಿಗೆ ಸಿಕ್ಕ ಅವಕಾಶ ಇವರಿಗೆ ಸಿಗಲಿಲ್ಲ. 2021ರಲ್ಲಿ ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ ಮತ್ತು ಡೇವಿಡ್ ಮ್ಯಾಕ್ ಮೂವರೂ ಸೇರಿ 'ಕೋಡಾ' ಎಂಬ ಮೂರು ಸಂಪುಟಗಳಲ್ಲಿ ತಮ್ಮ ಕಾದಂಬರಿಲೋಕಕ್ಕೆ ತಾವೇ ಅಂತ್ಯ ಬರೆದರು. ಆ ಅಂತ್ಯ ಬಹಳ ಕಠೋರವಾಯಿತೆಂದು ಅಲ್ಲಿಯೂ ತಕರಾರು ಇದೆ, ಅದು ಬೇರೆ ಮಾತು.

ಈ 19 ಸಂಪುಟಗಳನ್ನು ಹೊಸದಾಗಿ ಓದಬಯಸುವವರು ಎಲ್ಲವನ್ನೂ ಓದಲೇಬೇಕೇ ಎಂದು ನೀವು ಕೇಳಿದರೆ, ಬೇಡ ಎನ್ನುತ್ತೇನೆ. 'ವೆಕ್ಟರ್ ಪ್ರೈಮ್', ಅದರ ಹಿಂದೆಯೇ 'ಹೀರೋಸ್ ಟ್ರಯಲ್', ಆಮೇಲೆ ಗ್ರೆಗ್ ಕೀಸ್ ಬರೆದ 'ಕಾಂಕ್ವೆಸ್ಟ್', ನಂತರ 'ಸ್ಟಾರ್ ಬೈ ಸ್ಟಾರ್', ಆಲ್‌ಸ್ಟನ್ ಅವರ ಎರಡು, 'ಟ್ರೇಟರ್', ಕೊನೆಗೆ ಲುಸೆನೋ ಅವರ 'ದಿ ಯೂನಿಫೈಯಿಂಗ್ ಫೋರ್ಸ್'. ಇಷ್ಟು ಓದಿದರೆ ಕಥೆಯ ಎಳೆ ಎಲ್ಲಿಯೂ ತಪ್ಪುವುದಿಲ್ಲ. ಮೈಕೆಲ್ ಸ್ಟ್ಯಾಕ್‌ಪೋಲ್ ಅವರ ಎರಡು ಪುಸ್ತಕಗಳನ್ನು ನಾನು ಬಿಟ್ಟಿದ್ದೇನೆ. ಲೇಖಕರು ತಮ್ಮದೇ ಸೃಷ್ಟಿಯಾದ ಕೊರಾನ್ ಹಾರ್ನ್‌ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ ಎನ್ನುವುದು ನನ್ನ ದೂರು. ಈಥೋರ್ ಗ್ರಹದ ಮೇಲೆ ಆತ ಶತ್ರು ನಾಯಕನೊಂದಿಗೆ ನಡೆಸುವ ದ್ವಂದ್ವ ಯುದ್ಧವೇ ಇಡೀ ಸರಣಿಯ ಶಿಖರವೆಂದು ವಾದಿಸುವ ಓದುಗರಿದ್ದಾರೆ, ಈ ಸಭೆಯಲ್ಲಿಯೂ ಇರಬಹುದು. ಅವರ ಮಾತನ್ನು ಕೇಳಿ, ಆ ಎರಡನ್ನೂ ಸೇರಿಸಿಕೊಂಡರೆ ನನ್ನ ಅಡ್ಡಿಯಿಲ್ಲ.